ಮುಖ ಹುಡುಗನದು, ದನಿ ಯಾರದು?

“ಅದು ಅವನ ಸತ್ತ ತಾತ ಕಣೇ. ಮೇಲಿಂದ ನೋಡ್ಕೊಂಡು ಹೇಳ್ತಾ ಇದಾರೆ.”

ಅಣ್ಣ ಹೀಗೆ ತೀರ್ಪು ಕೊಟ್ಟಾಗ ನಾನು ಆರನೇ ಕ್ಲಾಸು, ಅವನು ಒಂಬತ್ತನೇ ಕ್ಲಾಸು. ಅರಸೀಕೆರೆಯ ನಮ್ಮ ಬೀದಿಗೆ ಆಗಷ್ಟೇ ಕೇಬಲ್ ಬಂದಿತ್ತು. ಸ್ಟಾರ್ ಪ್ಲಸ್ ಆಗ ಇಂಗ್ಲಿಷ್ ಚಾನೆಲ್. ಅದರಲ್ಲಿ ‘ದ ವಂಡರ್ ಇಯರ್ಸ್’ ಅನ್ನುವ ಅಮೆರಿಕದ ಧಾರಾವಾಹಿ ಬರುತ್ತಿತ್ತು. ಒಬ್ಬ ಗುಂಡು ಮುಖದ ಹುಡುಗ, ಅವನಿಗೊಬ್ಬ ಸೋಡಾಬುಡ್ಡಿ ಕನ್ನಡಕದ ಗೆಳೆಯ, ಎದುರು ಸಾಲಿನ ಮನೆಯಲ್ಲೊಬ್ಬಳು ಉದ್ದ ಕೂದಲಿನ ಹುಡುಗಿ, ಸುಮ್ಸುಮ್ನೆ ಗುದ್ದುವ ಒಬ್ಬ ಅಣ್ಣ. ಇಷ್ಟು ನಮಗೆ ಗೊತ್ತಾಗುತ್ತಿತ್ತು. ಗೊತ್ತಾಗದೆ ಇದ್ದದ್ದು ಒಂದೇ. ಹುಡುಗ ಬಾಯಿ ಮುಚ್ಚಿಕೊಂಡು ನಿಂತಿರುತ್ತಾನೆ, ಎಲ್ಲಿಂದಲೋ ಒಬ್ಬ ದೊಡ್ಡ ಗಂಡಸು ಮಾತಾಡುತ್ತಿರುತ್ತಾನೆ. ಅವನು ಯಾರು? ಯಾಕೆ ಒಂದು ಸಲವೂ ಮುಖ ತೋರಿಸುವುದಿಲ್ಲ?

ನಾವು ಓದುತ್ತಿದ್ದದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಿಂದ. ನನ್ನ ಇಂಗ್ಲಿಷ್ ಆಗ ಪೆನ್ನು, ಪೆನ್ಸಿಲ್, ಹಸು ಇಷ್ಟರಲ್ಲೇ ಸುತ್ತುತ್ತಿತ್ತು. ಅಣ್ಣ ಮೂರು ವರ್ಷ ದೊಡ್ಡವನಾದ್ದರಿಂದ ಮನೆಯಲ್ಲಿ ಇಂಗ್ಲಿಷ್ ವಿಷಯಕ್ಕೆ ಅವನೇ ಸುಪ್ರೀಂ ಕೋರ್ಟು. ತಾತ ಅಂದ ಮೇಲೆ ತಾತ. ನಾನು ಅದನ್ನು ಪೂರ್ತಿ ನಂಬಿದೆ. ಎಷ್ಟು ನಂಬಿದ್ದೆ ಅಂದರೆ, ಹುಡುಗನಿಗೆ ಬೇಜಾರಾದಾಗ ಆ ದನಿ ಮೆತ್ತಗೆ ಬಂದರೆ “ಪಾಪ, ತಾತನಿಗೂ ಬೇಜಾರಾಗಿದೆ” ಅಂದುಕೊಳ್ಳುತ್ತಿದ್ದೆ.

ಈಗ ಈ ವಯಸ್ಸಿನಲ್ಲಿ, ಸಂಚಿಕೆಗಳನ್ನೆಲ್ಲ ಮತ್ತೆ ಮೊದಲಿಂದ ನೋಡಿ ಮುಗಿಸಿದ್ದೇನೆ. ಒಟ್ಟು 115. ಈ ಸಲ ಪ್ರತಿ ಮಾತೂ ಅರ್ಥವಾಯಿತು. ಆ ದನಿ ದೊಡ್ಡವನಾದ ಕೆವಿನ್ ಆರ್ನಾಲ್ಡ್‌ನದು, ತನ್ನದೇ ಹುಡುಗಾಟದ ದಿನಗಳನ್ನು ನೆನಪು ಮಾಡಿಕೊಂಡು ಹೇಳುತ್ತಿದ್ದಾನೆ ಅನ್ನುವುದು ಕಾಲೇಜಿನ ಹೊತ್ತಿಗೇ ಗೊತ್ತಾಗಿತ್ತು, ಅದು ದೊಡ್ಡ ವಿಷಯವೇನಲ್ಲ. ಕಾಡುತ್ತಿರುವುದು ಬೇರೆ. ನಾನು ಅರಸೀಕೆರೆಯಲ್ಲಿ ನೋಡಿದ ಧಾರಾವಾಹಿಯೂ ಈಗ ಲ್ಯಾಪ್‌ಟಾಪಿನಲ್ಲಿ ನೋಡಿದ ಧಾರಾವಾಹಿಯೂ ಒಂದೇ ಅಂತ ನನಗೆ ಅನ್ನಿಸುತ್ತಲೇ ಇಲ್ಲ. ಮೊದಲನೆಯದರಲ್ಲಿ ಒಬ್ಬ ಹುಡುಗ ಇದ್ದ. ಎರಡನೆಯದರಲ್ಲಿ ಹುಡುಗನ ಬಗ್ಗೆ ಮಾತಾಡುವ ಒಬ್ಬ ಗಂಡಸು ಇದ್ದಾನೆ.

ಅಪ್ಪನ ಆಫೀಸು

ಇಂಗ್ಲಿಷ್ ಬಾರದೆ ನೋಡಿದ್ದರಲ್ಲಿ ನನಗೆ ಗಟ್ಟಿಯಾಗಿ ನೆನಪಿರುವುದು ಒಂದು ಸಂಚಿಕೆ. ಕೆವಿನ್ ಅಪ್ಪನ ಜೊತೆ ಅವರ ಆಫೀಸಿಗೆ ಹೋಗುತ್ತಾನೆ. ಮೊದಲ ಸೀಸನ್ನಿನ ಮೂರನೇ ಸಂಚಿಕೆ ಅದು ಅಂತ ಈಗ ಗೊತ್ತಾಗಿದೆ. ಅಪ್ಪ ಜ್ಯಾಕ್ ದಿನಾ ಸಂಜೆ ಮುಖ ಗಂಟು ಹಾಕಿಕೊಂಡು ಮನೆಗೆ ಬರುತ್ತಾರೆ. ಕಾರಿನ ಸದ್ದು ಕೇಳಿದ ಕೂಡಲೇ ಮನೆಯಲ್ಲಿ ಎಲ್ಲರೂ ಹುಷಾರಾಗುತ್ತಾರೆ. ಆಫೀಸು ಹೇಗಿತ್ತು ಅಂದರೆ “ಕೆಲಸ ಅಂದ್ರೆ ಕೆಲಸ” ಅಂತ ಒಂದೇ ಉತ್ತರ. ಅಪ್ಪ ಅಲ್ಲಿ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಲು ಹುಡುಗ ಹೊರಡುತ್ತಾನೆ.

ಇದಕ್ಕೆ ಇಂಗ್ಲಿಷ್ ಯಾಕೆ ಬೇಕು ಹೇಳಿ. ನಮ್ಮ ಮನೆಯಲ್ಲಿ ಕಾರಿನ ಬದಲು ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು ಇತ್ತು, ಅಷ್ಟೇ ವ್ಯತ್ಯಾಸ. ಆ ಸದ್ದು ಕೇಳಿದರೆ ಅಣ್ಣ ಟಿವಿ ಆರಿಸಿ ಪುಸ್ತಕ ತೆಗೆಯುತ್ತಿದ್ದ. ಅಮ್ಮ ಕಾಫಿಗೆ ನೀರಿಡುತ್ತಿದ್ದರು. ಅಪ್ಪ ಬಂದು ಅಂಗಿ ಗೂಟಕ್ಕೆ ಹಾಕಿ, ಕಾಲು ತೊಳೆದು, ಕಾಫಿ ಮುಗಿಯುವ ತನಕ ಯಾರೂ ಯಾವುದಕ್ಕೂ ಸಹಿ ಕೇಳುವ ಹಾಗಿರಲಿಲ್ಲ.

ತೆರೆಯ ಮೇಲೆ ಏನಾಗುತ್ತದೆ ಅಂದರೆ, ಆಫೀಸಿನಲ್ಲಿ ಅಪ್ಪ ಗತ್ತಿನಿಂದ ಫೋನಿನಲ್ಲಿ ಮಾತಾಡುತ್ತಾರೆ, ಕೆಳಗಿನವರಿಗೆ ಕೆಲಸ ಹೇಳುತ್ತಾರೆ. ಮಗ ಅಪ್ಪನ ಕುರ್ಚಿಯಲ್ಲಿ ಕೂತು ಹಿಗ್ಗುತ್ತಾನೆ. ಊಟದ ಹೊತ್ತಿಗೆ ಅಪ್ಪ ಏನೋ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲಿನವನೊಬ್ಬ ಬಂದು ಮಗನ ಎದುರಿಗೇ ಅಪ್ಪನನ್ನು ಬೈಯುತ್ತಾನೆ. ಹುಡುಗನ ಮುಖ ನೋಡಬೇಕು. ಅವನು ಅಳುವುದಿಲ್ಲ. ಕಣ್ಣನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾನೆ. ಅಪ್ಪನ ಕಡೆ ನೋಡಿದರೆ ಅಪ್ಪನಿಗೆ ಅವಮಾನ, ನೋಡದಿದ್ದರೂ ಅವಮಾನ. ಕೆವಿನ್ ಪಾತ್ರ ಮಾಡಿದ ಹನ್ನೊಂದು ವರ್ಷದ ಫ್ರೆಡ್ ಸ್ಯಾವೇಜ್ ಅದನ್ನು ಹೇಗೆ ಮಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ರಾತ್ರಿ ಅಂಗಳದಲ್ಲಿ ಅಪ್ಪ ಟೆಲಿಸ್ಕೋಪ್ ಇಟ್ಟುಕೊಂಡು ಆಕಾಶ ನೋಡುತ್ತಿರುತ್ತಾರೆ. ಹುಡುಗ ಹತ್ತಿರ ಹೋಗುತ್ತಾನೆ. ಅಪ್ಪ ಜಾಗ ಬಿಡುತ್ತಾರೆ, ಅವನೂ ನೋಡುತ್ತಾನೆ.

ಆಗ ಆ ಟೆಲಿಸ್ಕೋಪ್ ಯಾಕೆ ಬಂತು ಅಂತ ನನಗೆ ಅರ್ಥವಾಗಿರಲಿಲ್ಲ. ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ್ದು, ಚಿಕ್ಕವರಿದ್ದಾಗ ತಾನು ಹಡಗಿನ ಕ್ಯಾಪ್ಟನ್ ಆಗಬೇಕು ಅಂದುಕೊಂಡಿದ್ದ ಕಥೆ. ನಕ್ಷತ್ರ ನೋಡಿ ದಾರಿ ಕಂಡುಕೊಂಡು ಸಮುದ್ರದಲ್ಲಿ ಹೋಗುವ ಆಸೆ. ಈಗ ಅರ್ಥವಾಯಿತು, ಕಣ್ಣು ತುಂಬಿತು ಕೂಡ. ಆದರೆ ನಿಜ ಹೇಳಬೇಕೆಂದರೆ, ಆರನೇ ಕ್ಲಾಸಿನಲ್ಲಿ ಅದು ನನ್ನನ್ನು ಹಿಡಿದಷ್ಟು ಗಟ್ಟಿಯಾಗಿ ಈಗ ಹಿಡಿಯಲಿಲ್ಲ. ಬೈಸಿಕೊಂಡು ಬಂದ ಅಪ್ಪ ರಾತ್ರಿ ಒಬ್ಬರೇ ಏನನ್ನೋ ನೋಡುತ್ತಿದ್ದಾರೆ, ಏನು ಅಂತ ಮಗನಿಗೆ ಗೊತ್ತಿಲ್ಲ, ಆದರೂ ಪಕ್ಕ ನಿಂತಿದ್ದಾನೆ ಅಂತ ನಾನು ಅಂದುಕೊಂಡಿದ್ದೆ. ನನಗೆ ಅದೇ ಸಾಕಾಗಿತ್ತು. ಈಗ ಆ ದೃಶ್ಯದ ಮೇಲೆ ಆ ಗಂಡಸಿನ ದನಿ ಬರುತ್ತದೆ, ಅವತ್ತು ತನಗೆ ಏನು ತಿಳಿಯಿತು ಅಂತ ಚೆನ್ನಾಗಿಯೇ ಹೇಳುತ್ತದೆ. ನನಗೆ ಮಾತ್ರ “ಸ್ವಲ್ಪ ಸುಮ್ನಿರಪ್ಪ” ಅನ್ನಬೇಕು ಅನ್ನಿಸಿತು.

ಒಂದು ಸಲ ನಾನೂ ಅಪ್ಪನ ಆಫೀಸಿಗೆ ಹೋಗಿದ್ದೆ. ಡಬ್ಬಿ ಮರೆತಿದ್ದರು, ಅಮ್ಮ ಕೊಟ್ಟು ಕಳಿಸಿದ್ದರು. ಬಾಗಿಲ ಹತ್ತಿರ ನಿಂತಾಗ ಒಳಗೆ ಅಪ್ಪ ನಗುತ್ತಿದ್ದರು. ನಾಲ್ಕೈದು ಜನ ಟೀ ಕುಡಿಯುತ್ತಿದ್ದರು, ಅಪ್ಪ ಯಾರದೋ ಮಾತಿನ ಧಾಟಿಯನ್ನು ನಕಲು ಮಾಡಿ ತೋರಿಸುತ್ತಿದ್ದರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಮ್ಮ ಅಪ್ಪನಿಗೆ ಮಿಮಿಕ್ರಿ ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಡಬ್ಬಿ ಕೊಟ್ಟು ವಾಪಸ್ ಬಂದೆ. ದಾರಿಯುದ್ದಕ್ಕೂ ಸಿಟ್ಟು. ಯಾರ ಮೇಲೆ ಅಂತ ಆಗ ಗೊತ್ತಾಗಲಿಲ್ಲ. ಈಗ ಅದಕ್ಕೊಂದು ಚಂದದ ವಿವರಣೆ ಕೊಡಬಲ್ಲೆ. ಕೊಟ್ಟರೆ ಅದು ನನ್ನ ಈಗಿನ ವಯಸ್ಸಿನ ಮಾತಾಗುತ್ತದೆ. ಅವತ್ತಿನ ಹುಡುಗಿಗೆ ಇದ್ದದ್ದು ಬರೀ ಸಿಟ್ಟು.

ದನಿಯವನು

ಇಷ್ಟೆಲ್ಲ ಹೇಳಿದ ಮೇಲೆ ಆ ದನಿಗೆ ಅನ್ಯಾಯ ಮಾಡಬಾರದು. ಅದು ಡೇನಿಯಲ್ ಸ್ಟರ್ನ್ ಅವರದು. ‘ಹೋಮ್ ಅಲೋನ್’ ನೋಡಿದವರಿಗೆ ಅವರು ಗೊತ್ತು. ಆ ಇಬ್ಬರು ಪೆದ್ದ ಕಳ್ಳರಲ್ಲಿ ಎತ್ತರದವನು, ಜೇಡ ಮುಖದ ಮೇಲೆ ಕೂತಾಗ ಕಿರುಚುವವನು. ನಮ್ಮ ಸತ್ತ ತಾತ ಅವನೇ ಅಂತ ಗೊತ್ತಾದ ದಿನ ನಾನು ಎಷ್ಟು ನಕ್ಕೆ ಅಂದರೆ ಕೇಳಬೇಡಿ. ಇನ್ನೊಂದು ವಿಷಯ ಗೊತ್ತಾ? 1988ರ ಜನವರಿ 31ರಂದು ಅಮೆರಿಕದಲ್ಲಿ ಮೊದಲ ಸಂಚಿಕೆ ಪ್ರಸಾರವಾಯಿತು. ಅವತ್ತು ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯ ಮುಗಿದ ಕೂಡಲೇ ಇದನ್ನು ಹಾಕಿದ್ದರು. ಆ ಸಂಚಿಕೆಯಲ್ಲಿ ಇದ್ದದ್ದು ಸ್ಟರ್ನ್ ದನಿಯೇ ಅಲ್ಲ, ಆರ್ಯ್ ಗ್ರಾಸ್ ಅನ್ನುವ ಬೇರೆ ನಟನದು. ಆಮೇಲೆ ಅದನ್ನು ಸ್ಟರ್ನ್ ದನಿಯಲ್ಲಿ ಮತ್ತೆ ಕೂರಿಸಿದರು. ಅದೇ ಹುಡುಗ, ಅದೇ ಮುಖ, ಅದೇ ಕಣ್ಣು. ನೆನಪು ಮಾಡಿಕೊಳ್ಳುವವನು ಮಾತ್ರ ಬದಲಾದ. ನೆನಪು ಮಾಡಿಕೊಳ್ಳುವವನು ಬದಲಾದರೆ ಬಾಲ್ಯವೂ ಬೇರೆಯಾಗುತ್ತದಾ? ನನಗೆ ಈ ಪ್ರಶ್ನೆ ಭಾರಿ ಇಷ್ಟ.

ಈ ಧಾರಾವಾಹಿ ಮಾಡಿದವರು ನೀಲ್ ಮಾರ್ಲೆನ್ಸ್ ಮತ್ತು ಕ್ಯಾರಲ್ ಬ್ಲ್ಯಾಕ್, ಗಂಡ ಹೆಂಡತಿ. 1988ರಲ್ಲಿ ಕೂತು 1968ರ ಕಥೆ ಹೇಳುವುದು ಅವರ ಲೆಕ್ಕ. ಯಾವಾಗಲೂ ಇಪ್ಪತ್ತು ವರ್ಷ ಹಿಂದೆ. ಹಿನ್ನೆಲೆಯಲ್ಲಿ ಕೃತಕ ನಗು ಇಲ್ಲ. ಆಗಿನ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಯಾರಾದರೂ ಕೆಮ್ಮಿದರೂ ಜನ ನಗುವ ಸದ್ದು ಬರುತ್ತಿತ್ತಲ್ಲ, ಇದರಲ್ಲಿ ಆ ಜಾಗಕ್ಕೆ ಸ್ಟರ್ನ್ ಕೂತಿದ್ದಾರೆ. ಎಲ್ಲಿ ನಗಬೇಕು ಅಂತ ಅವರು ಹೇಳುವುದಿಲ್ಲ, ಎಲ್ಲಿ ಮನಸ್ಸು ಭಾರ ಮಾಡಿಕೊಳ್ಳಬೇಕು ಅಂತ ಹೇಳುತ್ತಾರೆ. ಬರೀ 6 ಸಂಚಿಕೆ ಪ್ರಸಾರವಾಗಿದ್ದಾಗಲೇ ಅತ್ಯುತ್ತಮ ಹಾಸ್ಯ ಧಾರಾವಾಹಿ ಅಂತ ಅಮೆರಿಕದ ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು. ಮರುವರ್ಷ ಫ್ರೆಡ್ ಸ್ಯಾವೇಜ್ ಹದಿಮೂರನೇ ವಯಸ್ಸಿಗೆ ಮುಖ್ಯ ನಟರ ಪಟ್ಟಿಯಲ್ಲಿ ನಾಮನಿರ್ದೇಶನ ಪಡೆದ, ದೊಡ್ಡವರ ಜೊತೆಯಲ್ಲೇ.

ಮೊದಲ ಸಂಚಿಕೆಯ ಕೊನೆ ನೋಡಿ. ಆ ಉದ್ದ ಕೂದಲಿನ ಹುಡುಗಿ ವಿನ್ನಿಯ ಅಣ್ಣ ಬ್ರಯಾನ್ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸುದ್ದಿ ಬಂದಿದೆ. ಕೆವಿನ್ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅವಳು ಕಾಡಿನಲ್ಲಿ ಒಬ್ಬಳೇ ಕೂತಿದ್ದಾಳೆ. ಅವನು ತನ್ನ ಜಾಕೆಟ್ ತೆಗೆದು ಅವಳಿಗೆ ಹೊದಿಸುತ್ತಾನೆ. ಆಮೇಲೆ ಮುತ್ತು. ನಮ್ಮ ಮನೆಯಲ್ಲಿ ಈ ಹೊತ್ತಿಗೆ ಅಣ್ಣ ಎದ್ದು ಚಾನೆಲ್ ತಿರುಗಿಸಿ, ಒಂದು ನಿಮಿಷ ಕಳೆದು ಮತ್ತೆ ಹಾಕಿದ್ದ. ಸೆನ್ಸಾರ್ ಬೋರ್ಡೂ ಅವನೇ. ಹಾಗಾಗಿ ನಾನು ಅದನ್ನು ನೋಡಿದ್ದು ಈಗಲೇ. ಸ್ಯಾವೇಜ್‌ಗೂ ಡ್ಯಾನಿಕಾ ಮೆಕೆಲರ್‌ಗೂ ಅದು ನಿಜ ಜೀವನದಲ್ಲೂ ಮೊದಲ ಮುತ್ತು ಅಂತ ಮೆಕೆಲರ್ ಹೇಳಿಕೊಂಡಿದ್ದಾರೆ. ಒಂದು ಕ್ಷಣ ಯೋಚನೆ ಮಾಡಿ. ಸುತ್ತ ಲೈಟು, ಮೈಕು, ಹತ್ತಾರು ಜನ ಕೆಲಸದವರು. ನಮಗೆಲ್ಲ ನಮ್ಮ ಮೊದಲ ಏನೇನೋ ಮಸುಕಾಗಿ ನೆನಪಿರುತ್ತದೆ, ಬೇಕಾದ ಹಾಗೆ ತಿದ್ದಿಕೊಳ್ಳುತ್ತೇವೆ. ಅವರಿಬ್ಬರಿಗೆ ಅದು ಟೇಪಿನಲ್ಲಿದೆ. ಜೊತೆಗೆ ಬೇರೆ ಯಾರದೋ ವಿವರಣೆಯೂ ಅಂಟಿಕೊಂಡಿದೆ.

ಲೆಕ್ಕದ ಮೇಷ್ಟ್ರು

ಇಂಗ್ಲಿಷ್ ಬಂದದ್ದರಿಂದ ನನಗೆ ಲಾಭವಾದ ಜಾಗವೂ ಒಂದಿದೆ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮೂರನೇ ಸೀಸನ್ನಿನಲ್ಲಿ ಮಿಸ್ಟರ್ ಕಾಲಿನ್ಸ್ ಅಂತ ಒಬ್ಬರು ಲೆಕ್ಕದ ಮೇಷ್ಟ್ರು ಬರುತ್ತಾರೆ. ಸ್ಟೀವನ್ ಗಿಲ್ಬಾರ್ನ್ ಆ ಪಾತ್ರ ಮಾಡಿದ್ದಾರೆ. ನಗುವುದಿಲ್ಲ, ಬೈಯುವುದೂ ಇಲ್ಲ. ಎಲ್ಲರನ್ನೂ ‘ಮಿಸ್ಟರ್’ ಹಾಕಿಯೇ ಕರೆಯುತ್ತಾರೆ. ಕೆವಿನ್ ಲೆಕ್ಕದಲ್ಲಿ ಹಿಂದೆ. ಮೇಷ್ಟ್ರು ಸ್ಕೂಲು ಬಿಟ್ಟ ಮೇಲೆ ಅವನಿಗೆ ಹೇಳಿಕೊಡುತ್ತಾರೆ. ದಿನಾ ಇಬ್ಬರೇ ಕೂತು ಲೆಕ್ಕ ಮಾಡುತ್ತಾ ಹುಡುಗನಿಗೆ ಇವರು ನನ್ನ ಗೆಳೆಯ ಅನ್ನಿಸಿಬಿಡುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರು ಕಾರಣ ಹೇಳದೆ ಪಾಠ ನಿಲ್ಲಿಸುತ್ತಾರೆ. ನೀವು ನನ್ನ ಗೆಳೆಯ ಅಂದುಕೊಂಡಿದ್ದೆ ಅಂತ ಹುಡುಗ ಕೂಗಾಡಿದರೆ, ಅವರು ತಣ್ಣಗೆ ಹೇಳುತ್ತಾರೆ: ಗೆಳೆಯ ಅಲ್ಲ, ನಿಮ್ಮ ಮೇಷ್ಟ್ರು. ಸಿಟ್ಟಿಗೆ ಹುಡುಗ ಪರೀಕ್ಷೆಯಲ್ಲಿ ಬೇಕಂತಲೇ ಏನೇನೋ ಗೀಚಿ ಬರುತ್ತಾನೆ. ಆಮೇಲೆ ಸ್ಕೂಲಿಗೆ ಬಂದರೆ ಮೇಷ್ಟ್ರು ಇಲ್ಲ. ತೀರಿಕೊಂಡಿದ್ದಾರೆ. ಅವರ ಕಾಗದಗಳಲ್ಲಿ ಇವನಿಗಾಗಿ ಒಂದು ಹೊಸ ಪ್ರಶ್ನೆಪತ್ರಿಕೆ ಇದೆ.

ಮತ್ತೆ ಬರೆಯುತ್ತಾನೆ. ಈ ಸಲ ಸರಿಯಾಗಿ. ಕೊನೆಗೆ ಖಾಲಿ ಕ್ಲಾಸಿನಲ್ಲಿ ಮೇಷ್ಟ್ರಿಗೆ “ಒಳ್ಳೇ ಕೆಲಸ ಮಾಡಿದಿರಿ” ಅಂತಾನೆ. ಮೇಷ್ಟ್ರು ಮಕ್ಕಳಿಗೆ ಹೇಳಬೇಕಾದ ಮಾತನ್ನು ಹುಡುಗ ಮೇಷ್ಟ್ರಿಗೆ ಹೇಳುತ್ತಾನೆ. ಈ ಸಂಚಿಕೆ ಬರೆದ ಬಾಬ್ ಬ್ರಷ್‌ಗೂ ನಿರ್ದೇಶಿಸಿದ ಮೈಕಲ್ ಡಿನ್ನರ್‌ಗೂ 1990ರಲ್ಲಿ ಎಮ್ಮಿ ಬಂತು. ಬರಲೇಬೇಕಿತ್ತು.

ಅರಸೀಕೆರೆಯಲ್ಲಿ ಇದನ್ನು ನೋಡಿದಾಗ ಮೇಷ್ಟ್ರು ವರ್ಗ ಆಗಿ ಹೋದರು ಅಂದುಕೊಂಡಿದ್ದೆ! ನಮ್ಮ ಸ್ಕೂಲಿನಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ಕಾಣೆಯಾದರೆ ಅದಕ್ಕೆ ಇದ್ದದ್ದು ಒಂದೇ ಕಾರಣ, ಟ್ರಾನ್ಸ್‌ಫರ್. ಹಾಗಾಗಿ ಹುಡುಗ ಯಾಕೆ ಅಷ್ಟೊಂದು ಕುಗ್ಗಿಹೋದ ಅಂತ ಗೊತ್ತಾಗಲಿಲ್ಲ. ಈ ಒಂದು ಕಡೆ ನನ್ನ ಕುರುಡು ನೋಟಕ್ಕಿಂತ ಅರ್ಥವಾದ ನೋಟವೇ ದೊಡ್ಡದು. ಆದರೆ ಗಮನಿಸಿ, ಇಲ್ಲಿ ಎದೆಗೆ ನಾಟುವ ಕೊನೆಯ ಮಾತು ಹುಡುಗನ ಬಾಯಿಂದಲೇ ಬರುತ್ತದೆ. ಬೆನ್ನ ಹಿಂದಿನವನಿಂದಲ್ಲ.

ಆಮೇಲೆ ಏನಾದರು?

ಯಾವುದೇ ಹಳೆಯ ಧಾರಾವಾಹಿಯ ಮಕ್ಕಳ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆ ಇದೇ ಅಲ್ವಾ? ಈಗ ಏನ್ ಮಾಡ್ತಾ ಇದಾರೆ? ನಾನೂ ರಾತ್ರಿ ಎರಡು ಗಂಟೆಯ ತನಕ ಹುಡುಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ವಿನ್ನಿಯಾಗಿದ್ದ ಡ್ಯಾನಿಕಾ ಮೆಕೆಲರ್ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಗಣಿತ ಓದಿ 1998ರಲ್ಲಿ ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಇಬ್ಬರ ಜೊತೆ ಸೇರಿ ಒಂದು ಪ್ರಮೇಯ ಸಾಧಿಸಿದರು. ಅದಕ್ಕೆ ಮೂವರ ಹೆಸರೂ ಸೇರಿ ಚೇಯ್ಸ್–ಮೆಕೆಲರ್–ವಿನ್ ಪ್ರಮೇಯ ಅಂತಲೇ ಹೆಸರು. ಅಲ್ಲಿ ಬರುವ ವಿನ್ ಅನ್ನುವವರು ಜೊತೆಗಾತಿ, ನಮ್ಮ ವಿನ್ನಿ ಅಲ್ಲ. ಆದರೂ ನೋಡಿ ನಗು ಬಂತು. ಆಮೇಲೆ ಹುಡುಗಿಯರಿಗೆ ಲೆಕ್ಕದ ಹೆದರಿಕೆ ಬಿಡಿಸುವ ಪುಸ್ತಕಗಳನ್ನು ಬರೆದರು. ಅವರ ತಂಗಿ ಕ್ರಿಸ್ಟಲ್ ಕೂಡ ವಿನ್ನಿ ಪಾತ್ರಕ್ಕೆ ಆಡಿಷನ್ ಕೊಟ್ಟಿದ್ದವರೇ. ಅದು ಸಿಗದೆ ಬೆಕಿ ಸ್ಲೇಟರ್ ಆಗಿ ಕೆವಿನ್‌ನನ್ನು ಗೋಳು ಹುಯ್ದುಕೊಂಡರು, ಮುಂದೆ ವಕೀಲೆಯಾದರು. ಸೋಡಾಬುಡ್ಡಿ ಪಾಲ್ ಆಗಿದ್ದ ಜಾಶ್ ಸವಿಯಾನೊ ಕೂಡ ವಕೀಲರೇ. ಆದರೆ ಅವರ ಬಗ್ಗೆ ವರ್ಷಗಟ್ಟಲೆ ಒಂದು ಪುಕಾರು ಓಡಾಡಿತು. ಮುಖಕ್ಕೆಲ್ಲ ಬಣ್ಣ ಬಳಿದುಕೊಂಡು ಹೆದರಿಸುವ ರಾಕ್ ಗಾಯಕ ಮರಿಲಿನ್ ಮ್ಯಾನ್ಸನ್ ಇದಾನಲ್ಲ, ಅವನೇ ಈ ಪಾಲ್ ಅಂತ! ಪೂರ್ತಿ ಸುಳ್ಳು. ಆದರೂ ಜನ ನಂಬಿದರು. ನಂಬಿದ್ದು ಯಾಕೆ ಅಂದರೆ, ಮೂಗು ಸೋರುವ, ಎಲ್ಲದಕ್ಕೂ ಅಲರ್ಜಿ ಇರುವ ಹುಡುಗನ ಕಥೆಗೆ ಒಂದು ಮುಕ್ತಾಯ ಬೇಕಿತ್ತು. ಚೆನ್ನಾಗಿ ಓದಿ ವಕೀಲನಾದ ಅಂದರೆ ಕೇಳುವವರಿಗೆ ರುಚಿಸುವುದಿಲ್ಲ. ನಾವೂ ಡೇನಿಯಲ್ ಸ್ಟರ್ನ್ ಕೆಲಸ ಮಾಡಲು ಹೊರಟವರೇ. ಪಕ್ಕದ ಮನೆ ಹುಡುಗ ಎಸ್ಸೆಸ್ಸೆಲ್ಸಿ ಫೇಲಾದರೆ “ಅವನು ಚಿಕ್ಕವನಿದ್ದಾಗಲೇ ಹಾಗೆ” ಅನ್ನುವುದಿಲ್ಲವಾ, ಹಾಗೆ.

ಫ್ರೆಡ್ ಸ್ಯಾವೇಜ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ನಿರ್ದೇಶಕರಾದರು. 2021ರಲ್ಲಿ ಇದೇ ಹೆಸರಿನ ಹೊಸ ಧಾರಾವಾಹಿ ಬಂತು. ಅಲಬಾಮಾದ ಮಾಂಟ್‌ಗಮರಿಯ ಒಂದು ಕಪ್ಪು ಕುಟುಂಬದ ಕಥೆ ಅದು, ಹಿನ್ನೆಲೆ ದನಿ ಡಾನ್ ಚೀಡಲ್ ಅವರದು. ಸ್ಯಾವೇಜ್ ಅದರ ನಿರ್ಮಾಪಕರಲ್ಲಿ ಒಬ್ಬರು. 2022ರಲ್ಲಿ ಅವರ ನಡವಳಿಕೆಯ ಬಗ್ಗೆ ದೂರುಗಳು ಬಂದು, ವಿಚಾರಣೆಯಾಗಿ, ಅವರನ್ನು ಅಲ್ಲಿಂದ ತೆಗೆದುಹಾಕಿದರು. ಇದನ್ನು ಓದಿದಾಗ ನನಗೆ ಏನೋ ಕಳೆದುಕೊಂಡ ಹಾಗಾಯಿತು. ಆಮೇಲೆ ನನ್ನನ್ನೇ ಕೇಳಿಕೊಂಡೆ, ಕಳೆದುಕೊಂಡದ್ದಾದರೂ ಏನನ್ನು? ಆ ಹುಡುಗನನ್ನಾ? ಆ ಹುಡುಗ ಯಾವತ್ತೂ ಕೆವಿನ್ ಆಗಿರಲಿಲ್ಲವಲ್ಲ. ದಿನಾ ಕೆಲಸಕ್ಕೆ ಬರುತ್ತಿದ್ದ ಒಬ್ಬ ಮಗು ಅವನು. ಕ್ಯಾಲಿಫೋರ್ನಿಯಾದಲ್ಲಿ ಶೂಟಿಂಗ್ ಜಾಗದಲ್ಲೇ ಮೇಷ್ಟ್ರು ಇರಬೇಕು, ಸ್ಕೂಲು ನಡೆಯುವ ದಿನಗಳಲ್ಲಿ ಮೂರು ಗಂಟೆ ಪಾಠ ಆಗಲೇಬೇಕು ಅಂತ ನಿಯಮ. ಮಕ್ಕಳ ದುಡ್ಡಿಗೂ ಕಾನೂನು ಇದೆ. ಚಾಪ್ಲಿನ್ ಜೊತೆ ‘ದ ಕಿಡ್’ ಸಿನಿಮಾದಲ್ಲಿ ನಟಿಸಿದ ಜಾಕಿ ಕೂಗನ್ ದೊಡ್ಡವನಾಗಿ ನೋಡಿದರೆ ತಾನು ದುಡಿದದ್ದನ್ನೆಲ್ಲ ಮನೆಯವರು ಖರ್ಚು ಮಾಡಿದ್ದರು. ಆಮೇಲೆ 1939ರಲ್ಲಿ ಆತನ ಹೆಸರಿನಲ್ಲೇ ಕಾನೂನು ಬಂತು. ಅಂದರೆ ಅಲ್ಲಿನವರಿಗೆ ಗೊತ್ತಿತ್ತು, ತೆರೆಯ ಮೇಲಿನ ಬಾಲ್ಯ ಅನ್ನುವುದು ಒಂದು ನೌಕರಿ. ನೌಕರಿ ಬಿಟ್ಟ ಮೇಲೆ ಅವರು ನಮ್ಮ ನೆನಪಿಗೆ ತಕ್ಕ ಹಾಗೆ ಬದುಕಬೇಕು ಅಂತ ನಿರೀಕ್ಷೆ ಮಾಡುವುದು ನಮ್ಮದೇ ದುರಾಸೆ.

ಸ್ವಾಮಿಗೆ ಯಾರೂ ದನಿ ಕೊಡಲಿಲ್ಲ

ಇದನ್ನೆಲ್ಲ ಯೋಚಿಸುವಾಗ ನಮ್ಮ ಸ್ವಾಮಿ ನೆನಪಾಗದೆ ಇರುತ್ತಾನಾ? ಕೆವಿನ್ ಅಮೆರಿಕದ ಟಿವಿಗೆ ಬರುವುದಕ್ಕೂ ಮುಂಚೆ ಆಗುಂಬೆಯಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದರು. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್‌ಗೆ ಆಗ ಹತ್ತರ ಆಸುಪಾಸು. ಅವನ ಮುಖದಲ್ಲೂ ಅದೇ ಗುಣ, ಏನೂ ಹೇಳದೆ ಎಲ್ಲ ಹೇಳುವುದು. ಅಪ್ಪನಾಗಿ ಗಿರೀಶ್ ಕಾರ್ನಾಡ್ ಎದುರಿಗೆ ನಿಂತು ಲೆಕ್ಕ ಕೇಳಿದರೆ ಅವನ ಕಣ್ಣು ಅಜ್ಜಿ ಇರುವ ದಿಕ್ಕಿಗೆ ಓಡುತ್ತದೆ. ಆದರೆ ದೊಡ್ಡವನಾದ ಸ್ವಾಮಿ ಅನ್ನುವವನು ಅದರಲ್ಲಿ ಇಲ್ಲವೇ ಇಲ್ಲ. ಅವನು ಮುಂದೆ ಏನಾದ, ಈ ದಿನಗಳನ್ನು ನೆನೆದು ಅತ್ತನಾ ನಕ್ಕನಾ, ಯಾರಿಗೂ ಗೊತ್ತಿಲ್ಲ.

ಆರ್. ಕೆ. ನಾರಾಯಣ್ ಅವರ ಕಾದಂಬರಿಯ ಕೊನೆ ನೆನಪಿದೆಯಾ? ಸ್ವಾಮಿಯ ಗೆಳೆಯ ರಾಜಂ ಊರು ಬಿಟ್ಟು ಹೊರಟಿದ್ದಾನೆ. ಸ್ವಾಮಿ ಒಂದು ಪುಸ್ತಕ ಹಿಡಿದುಕೊಂಡು ಸ್ಟೇಷನ್ನಿಗೆ ಬಂದಿದ್ದಾನೆ. ರೈಲು ಚಲಿಸುತ್ತದೆ. ರಾಜಂ ಏನೋ ಹೇಳುತ್ತಾನೆ, ಸದ್ದಿನಲ್ಲಿ ಕೇಳುವುದಿಲ್ಲ. ಅವನು ಏನಂದ ಅಂತ ಸ್ವಾಮಿ ಇನ್ನೊಬ್ಬ ಗೆಳೆಯ ಮಣಿಯನ್ನು ಕೇಳುತ್ತಾನೆ. ಕಾಗದ ಬರೀತಾನಂತೆ ಅಂತಾನೆ ಮಣಿ. ಆದರೆ ವಿಳಾಸ ಗೊತ್ತಿರಬೇಕಲ್ಲ? ಮಣಿ ಹೇಳಿದ್ದು ನಿಜವಾ ಅಂತ ಸ್ವಾಮಿ ಅವನ ಮುಖ ನೋಡುತ್ತಾನೆ, ಅಲ್ಲಿ ಏನೂ ಓದಲಿಕ್ಕೆ ಆಗುವುದಿಲ್ಲ. ಅಷ್ಟೇ. ಇದೇ ಜಾಗದಲ್ಲಿ ಒಬ್ಬ ವಯಸ್ಸಾದ ಸ್ವಾಮಿ ಬಂದು “ಅವನು ಯಾವತ್ತೂ ಬರೆಯಲಿಲ್ಲ, ಆದರೂ ಆ ಬೇಸಿಗೆಯಲ್ಲಿ ನಾನು ಕಲಿತದ್ದು...” ಅಂತ ಶುರು ಮಾಡಿದ್ದರೆ? ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ, ಒಳ್ಳೆಯ ಅರ್ಥದಲ್ಲಿ ಅಲ್ಲ.

ಅರಸೀಕೆರೆಯಲ್ಲಿ ನಾನು ಕೆವಿನ್‌ನನ್ನು ನೋಡಿದ್ದು ಸ್ವಾಮಿಯನ್ನು ನೋಡುವ ಹಾಗೆ ಅಂತ ಈಗ ಅನ್ನಿಸುತ್ತದೆ. ಇಂಗ್ಲಿಷ್ ಬಾರದೆ ಇದ್ದದ್ದು ಒಂದು ಥರದ ಅದೃಷ್ಟ. ಮೊನ್ನೆ ಅದನ್ನು ಪರೀಕ್ಷೆ ಮಾಡೋಣ ಅಂತ ಸದ್ದು ಪೂರ್ತಿ ಕಮ್ಮಿ ಮಾಡಿ ಒಂದು ಸಂಚಿಕೆ ಹಾಕಿದೆ. ಹತ್ತು ನಿಮಿಷ ಚೆನ್ನಾಗಿತ್ತು. ಆಮೇಲೆ ಹಾಡಿನ ಜಾಗ ಬಂತು, ಸದ್ದು ಜಾಸ್ತಿ ಮಾಡಲೇಬೇಕಾಯಿತು. ಈ ಧಾರಾವಾಹಿ ಪೂರ್ತಿ ಡಿವಿಡಿಯಲ್ಲಿ ಬರಲು 2014ರ ತನಕ ಕಾಯಬೇಕಾಗಿದ್ದೇ ಹಾಡುಗಳಿಂದ. ಅರವತ್ತರ ದಶಕದ ಅಷ್ಟೊಂದು ಹಾಡುಗಳ ಹಕ್ಕು ಬಿಡಿಸಿಕೊಳ್ಳುವುದು ಅಷ್ಟು ಕಷ್ಟವಾಗಿತ್ತು. ಜೋ ಕಾಕರ್ ಗಂಟಲು ಹರಿದುಕೊಂಡು ಹಾಡುವ ಆ ಶುರುವಿನ ಹಾಡು ಇಲ್ಲದೆ ಇದನ್ನು ನೋಡಿದರೆ ಒಗ್ಗರಣೆ ಇಲ್ಲದ ಸಾರು.

ಕೊನೆಯ ರಾತ್ರಿ

ಕೊನೆಯ ಸಂಚಿಕೆ ಅಮೆರಿಕದಲ್ಲಿ 1993ರ ಮೇ 12ರಂದು ಪ್ರಸಾರವಾಯಿತು. ನಾವು ಅದನ್ನು ಕೇಬಲ್ಲಿನಲ್ಲಿ ನೋಡಲೇ ಇಲ್ಲ. ನಮ್ಮಲ್ಲಿ ಅದು ಬಂದ ದಿನ ಕರೆಂಟ್ ಇರಲಿಲ್ಲವೋ, ಅಣ್ಣನ ಪರೀಕ್ಷೆ ಇತ್ತೋ, ಏನೋ. ಹಾಗಾಗಿ ಈ ಸಲವೇ ಮೊದಲು. ಕಥೆಯಲ್ಲಿ ಅದು 1973ರ ಜುಲೈ 4, ಊರಿನಲ್ಲಿ ಸ್ವಾತಂತ್ರ್ಯ ದಿನದ ಮೆರವಣಿಗೆ. ಎಲ್ಲರೂ ನಗುತ್ತಾ ನಿಂತಿದ್ದಾರೆ. ಅದರ ಮೇಲೆ ಸ್ಟರ್ನ್ ದನಿ ಎಲ್ಲರ ಮುಂದಿನ ಬದುಕನ್ನು ಹೇಳುತ್ತಾ ಹೋಗುತ್ತದೆ. ಅಪ್ಪ ಇನ್ನೆರಡು ವರ್ಷಕ್ಕೆ ತೀರಿಕೊಂಡರು. ವಿನ್ನಿ ಓದಲು ಪ್ಯಾರಿಸ್‌ಗೆ ಹೋದಳು. ಎಂಟು ವರ್ಷ ವಾರಕ್ಕೊಂದು ಕಾಗದ. ಅವಳು ವಾಪಸ್ ಬಂದಾಗ ಕೆವಿನ್ ಏರ್‌ಪೋರ್ಟಿಗೆ ಹೋದ, ಹೆಂಡತಿ ಮತ್ತು ಎಂಟು ತಿಂಗಳ ಮಗನ ಜೊತೆ. ಕಣ್ಣಿಗೆ ಕಾಣುತ್ತಿರುವುದು ಬರೀ ಮೆರವಣಿಗೆ, ಬಿಸಿಲು, ಬಾವುಟ. ಜ್ಯಾಕ್ ಅಲ್ಲೇ ನಿಂತಿದ್ದಾರೆ, ತಾವು ಸಾಯುವ ಸುದ್ದಿ ಅವರಿಗೆ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ನಮಗೆ ಮಾತ್ರ ಗೊತ್ತು. ಇಷ್ಟು ದಿನ ಆ ದನಿಯ ಮೇಲೆ ಗೊಣಗಿದ ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ಕೇಳಿದೆ.

ಆಮೇಲೆ ರಾತ್ರಿ. ದನಿ ಇನ್ನೂ ಮಾತಾಡುತ್ತಲೇ ಇದೆ. ಆಗ ಎಲ್ಲಿಂದಲೋ ಒಂದು ಚಿಕ್ಕ ಹುಡುಗನ ಧ್ವನಿ, ಅಪ್ಪಾ, ಬಾಲ್ ಆಡೋಣ ಬರ್ತೀಯಾ ಅಂತ. ಬಂದೆ ಅಂತಾನೆ ದನಿಯವನು. ಆರು ಸೀಸನ್ನುಗಳಲ್ಲಿ ಅವನನ್ನು ಯಾರಾದರೂ ಕರೆದದ್ದು ನನಗೆ ಇದೊಂದೇ ಸಲ ಕೇಳಿಸಿದ್ದು. ಹಾಗೆ ಕರೆದ ಹುಡುಗ ಡೇನಿಯಲ್ ಸ್ಟರ್ನ್ ಅವರ ಸ್ವಂತ ಮಗ.

ಮರುದಿನ ಬೆಳಗ್ಗೆ ಅಣ್ಣನಿಗೆ ಫೋನ್ ಮಾಡಿದೆ. ಅವನು ಈಗ ಬೆಂಗಳೂರಿನಲ್ಲಿದ್ದಾನೆ, ತಲೆ ಮುಂಭಾಗ ಖಾಲಿಯಾಗಿದೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಕೊನೆಯ ದೃಶ್ಯವನ್ನು ಪೂರ್ತಿ ವಿವರಿಸಿ, ಮೂವತ್ತು ವರ್ಷದ ಹಿಂದೆ ನೀನು ನನಗೆ ಹೇಳಿದ್ದು ತಪ್ಪು ಕಣೋ, ಅದು ಸತ್ತ ತಾತ ಅಲ್ಲ ಅಂದೆ.

ಹಿಂದಿನಿಂದ ಯಾವುದೋ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

“ಅಪ್ಪ ಅಂತ ಕರೀತಾನೆ ಅಂದ್ಯಲ್ಲ,” ಅಂದ ಆಮೇಲೆ. “ಒಂದೇ ತಲೆಮಾರು ತಪ್ಪಿದ್ದು ಬಿಡು.”